ಸಿಕ್ಕಿಬೀಳದ ಎದೆಬಡಿತ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಈಸಿಜಿ ಮತ್ತು ಕ್ಯಾತಿಟರ್ ಅಬ್ಲೇಷನ್

ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ನಾಡಿ ನಿಮಿಷಕ್ಕೆ 180. ಮನೆಯವರು ‘ಗ್ಯಾಸ್’ ಎಂದು ಜೀರಿಗೆ ಕಷಾಯ ಕೊಡುತ್ತಾರೆ; ನಿಲ್ಲದಿದ್ದರೆ ಜೀಪು ಹಿಡಿದು ಹೊರಡುತ್ತಾರೆ. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್, ಮೂಡುಬಿದಿರೆಯಿಂದ 35, ಬಂಟ್ವಾಳದಿಂದ 25. ಬಿ.ಸಿ. ರೋಡ್ ದಾಟುವಷ್ಟರಲ್ಲಿ ಬಡಿತ ತಾನಾಗಿ ಹದಕ್ಕೆ ಬಂದಿರುತ್ತದೆ. ಆಸ್ಪತ್ರೆಯ ಈಸಿಜಿ ನಾರ್ಮಲ್!

ಹೀಗೆ ಬಡಿತ ಓಡಿಸುವ, ಎಸ್‌ವಿಟಿ (ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ) ಎಂಬ ಲಯದೋಷಕ್ಕೆ ‘ಟೆನ್ಶನ್’ ಎಂಬ ಹಣೆಪಟ್ಟಿ ಬೀಳುವುದು ಹೀಗೆ. ಇದು ನಮ್ಮ ಊರಿನ ಪಾಡು ಮಾತ್ರವಲ್ಲ. 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 107 ರೋಗಿಗಳ ಪೈಕಿ 59 ಮಂದಿಯ ಎಸ್‌ವಿಟಿ ಮೊದಲ ತಪಾಸಣೆಯಲ್ಲಿ ಗುರುತಿಗೇ ಬಂದಿರಲಿಲ್ಲ. ಆದ್ದರಿಂದ ಈ ದೋಷ ನೀಗಿಸುವ ಕ್ಯಾತಿಟರ್ ಅಬ್ಲೇಷನ್ನಿನ ಚರ್ಚೆ ನಗರದ ಕ್ಯಾತ್‌ಲ್ಯಾಬಿಗಿಂತ ಮೊದಲು ಹಳ್ಳಿಯ ಈಸಿಜಿ ಪಟ್ಟಿಯಿಂದ ಆರಂಭವಾಗಬೇಕು.

ಹೃದಯದಲ್ಲಿ ವಿದ್ಯುತ್ತು ಮೇಲಿನ ಕೋಣೆಗಳಿಂದ ಕೆಳಗಿಳಿಯಲು ಸಾಮಾನ್ಯವಾಗಿ ಒಂದೇ ದಾರಿ. ಕೆಲವರಿಗೆ ಹುಟ್ಟಿನಿಂದಲೇ ಇನ್ನೊಂದು ಕಳ್ಳದಾರಿ ಇರುತ್ತದೆ. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಏರುವ ವಿದ್ಯುತ್ತು ಗಾಣದೆತ್ತಿನಂತೆ ಸುತ್ತತೊಡಗಿದರೆ ಬಡಿತ ಓಟಕ್ಕೇಳುತ್ತದೆ. ವುಲ್ಫ್, ಪಾರ್ಕಿನ್ಸನ್ ಮತ್ತು ವೈಟ್ ಎಂಬ ಮೂವರು ವೈದ್ಯರು ಈ ಬಗೆಯ ಈಸಿಜಿಯನ್ನು ವರ್ಣಿಸಿದ್ದು 1930ರಲ್ಲಿ. 1968ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಲ್ ಸೀಲಿ ಎದೆ ತೆರೆದು ಆ ಕಳ್ಳದಾರಿಯನ್ನು ಕತ್ತರಿಸಿದರು. ರೋಗಿ ಒಬ್ಬ ಮೀನುಗಾರ ಎಂಬುದು ಕರಾವಳಿಯ ಓದುಗರಿಗೆ ಕುತೂಹಲದ ಸಂಗತಿ.

ಈಗ ಎದೆ ತೆರೆಯಬೇಕಾಗಿಲ್ಲ. ತೊಡೆಸಂದಿನ ರಕ್ತನಾಳದಿಂದ ತೆಳು ನಳಿಗೆಯನ್ನು ಹೃದಯದವರೆಗೆ ಕಳಿಸಿ, ದೋಷದ ಜಾಗ ಹುಡುಕಿ, ರೇಡಿಯೋ ತರಂಗಗಳಿಂದ ಅಲ್ಲಿನ ಅಂಗಾಂಶವನ್ನು 50 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡುತ್ತಾರೆ; ಸುಟ್ಟ ಚುಕ್ಕೆಯಲ್ಲಿ ವಿದ್ಯುತ್ತು ಹರಿಯದು. ಇದೇ ಕ್ಯಾತಿಟರ್ ಅಬ್ಲೇಷನ್. 1991ರಲ್ಲಿ ಒಕ್ಲಹೋಮಾದ ಜಾಕ್‌ಮನ್ ತಂಡ ಹೀಗೆ 166 ಮಂದಿಯಲ್ಲಿ 164 ಮಂದಿಯ ಕಳ್ಳದಾರಿ ಮುಚ್ಚಿತು. ನೂರಕ್ಕೆ ಒಂಬತ್ತು ಮಂದಿಗೆ ತೊಂದರೆ ಮರುಕಳಿಸಿತಾದರೂ ಎರಡನೇ ಸಲ ಎಲ್ಲರಿಗೂ ಫಲಿಸಿತು. ಹೃತ್ಕರ್ಣದ ಕಂಪನ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದರ ಕಿಡಿ ಹೆಚ್ಚಾಗಿ ಶ್ವಾಸಕೋಶದಿಂದ ಬರುವ ಅಭಿಧಮನಿಗಳಲ್ಲಿದೆ ಎಂದು ಬೋರ್ಡೊ ನಗರದ ಹೈಸಗೆರ್ 1998ರಲ್ಲಿ ತೋರಿಸಿದರೂ, ಅಲ್ಲಿ ಮರುಕಳಿಕೆ ಹೆಚ್ಚು. ವಾತಜ್ವರದಿಂದ ಕವಾಟ ಕಿರಿದಾಗಿ ಈ ಕಂಪನ ಬಂದವರಿಗೆ ಮೊದಲು ಕವಾಟದ ಚಿಕಿತ್ಸೆಯೇ ಆಗಬೇಕು.

ಇಷ್ಟೆಲ್ಲ ನಿಂತಿರುವುದು ಬಡಿತ ಓಡುತ್ತಿರುವಾಗಲೇ ತೆಗೆದ ಈಸಿಜಿ ದಾಖಲೆಯ ಮೇಲೆ. ಮಂಗಳೂರು ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಯೋಜನೆ ಗ್ರಾಮೀಣ ವೈದ್ಯರಿಗೆ ಈಸಿಜಿ ಯಂತ್ರ ಕೊಟ್ಟು, ವಾಟ್ಸ್ಆ್ಯಪ್ ಗುಂಪಿನ ಮೂಲಕ ತಜ್ಞರ ಸಲಹೆ ದೊರಕಿಸಿತು. ಅದರ ಮುಖ್ಯ ಗುರಿ ಹೃದಯಾಘಾತ. ಆದರೆ ಓಡಿಹೋಗುವ ಬಡಿತವನ್ನು ಹಿಡಿಯಲೂ ಇದೇ ಬಲೆ ಸಾಕು. ಈ ಲಾಭವನ್ನು ಯಾರೂ ಹೆಚ್ಚು ಗಮನಿಸಿದಂತಿಲ್ಲ.

ಒಂದು ಎಚ್ಚರಿಕೆಯೂ ಇದೆ. ಬಿಗಿಯಾಗಿ ಮುಕ್ಕಿಸಿ, ಕೂಡಲೇ ಮಲಗಿಸಿ ಕಾಲೆತ್ತಿ ಹಿಡಿಯುವ ಉಪಾಯದಿಂದ ಶೇಕಡಾ 43ರಷ್ಟು ಎಸ್‌ವಿಟಿ ರೋಗಿಗಳ ಬಡಿತ ಸರಿಹೋಯಿತೆಂದು 2015ರ ಬ್ರಿಟಿಷ್ ಪ್ರಯೋಗವೊಂದು ಹೇಳಿದೆ. ಒಳ್ಳೆಯದೇ. ಆದರೆ ರೋಗಿ ಸ್ಥಿರವಾಗಿದ್ದರೆ ಬಡಿತ ಇಳಿಸುವ ಮೊದಲು ಈಸಿಜಿ ತೆಗೆದಿರಬೇಕು. ಅದರ ಥರ್ಮಲ್ ಕಾಗದದ ಗೆರೆಗಳು ಕಾಲಕ್ರಮೇಣ ಮಾಸುತ್ತವೆ. ರೋಗಿಗಳು ಅದನ್ನು ಅಂದೇ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಲಿ.