ಸಾಲೋಟಗಿಯ ಕಂಬ

ಬರವಣಿಗೆ ಹುಟ್ಟಿದ್ದು ಲೆಕ್ಕ ಇಡುವುದಕ್ಕೆಂದರೆ ಕವಿಗಳಿಗೆ ರುಚಿಸಲಿಕ್ಕಿಲ್ಲ. ಆದರೆ ಸುಮೇರಿಯಾದ ಉರುಕ್ ಪಟ್ಟಣದಲ್ಲಿ ದೊರೆತ, ಐದು ಸಾವಿರ ವರ್ಷಗಳಿಗೂ ಹಿಂದಿನ ಮಣ್ಣಿನ ಹಲಗೆಗಳಲ್ಲಿ ಬಹುಪಾಲು ಧಾನ್ಯವೆಷ್ಟು, ಕುರಿಯೆಷ್ಟು ಎಂಬ ಬಾಬತ್ತುಗಳೇ ತುಂಬಿವೆ. ನಮ್ಮ ನಾಡಿನಲ್ಲಿಯಾದರೋ ಮಸ್ಕಿ, ಕೊಪ್ಪಳಗಳ ಬಂಡೆಗಳ ಮೇಲೆ ಅಶೋಕನ ಅಕ್ಷರಗಳಿವೆ. ಅವು ಅರಸನ ಧರ್ಮಬೋಧೆ. ಆ ಅಕ್ಷರವು ಮುಂದೆ ಊರಿನ ಜನರ ಕೈಗೆ ಹೇಗೆ ಬಂದಿತೆಂಬುದನ್ನು ಅರಿಯಲು ನಾನು ವಾಚಕರನ್ನು ಭೀಮೆ-ಕೃಷ್ಣೆಯರ ನಡುವಣ ಎರೆನೆಲಕ್ಕೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಗೆ ಕರೆಯುತ್ತೇನೆ.

ಇಂಡಿಯ ಬಳಿಯ ಸಾಲೋಟಗಿಗೆ ಹಿಂದೆ ಪಾವಿಟ್ಟಗೆ ಎಂದು ಹೆಸರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಶಾಲೆಯ ಹೆಸರು ಊರಿನ ಹೆಸರಿಗೆ ಅಂಟಿಕೊಂಡು ಸಾಲೋಟಗಿಯಾಯಿತು. ಆ ಕಡೆಯ ಹುಡುಗರು ಈಗಲೂ ಹೋಗುವುದು ‘ಸಾಲಿ’ಗೇ!

ಅಲ್ಲಿಯ ಕಂಬದ ಮೇಲೆ 945ನೆಯ ಇಸವಿಯ ಶಾಸನವಿದೆ. ಸಂಸ್ಕೃತದೊಡನೆ ಕಂಬದಲ್ಲಿ ಕನ್ನಡವೂ ಉಂಟು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರಿಗೆ 27 ವಸತಿಗಳಿದ್ದುವು ಎಂಬುದನ್ನು ಹೇಳಿ, ಶಾಸನವು ಕೂಡಲೇ ಲೆಕ್ಕಕ್ಕೆ ಇಳಿಯುತ್ತದೆ. ಉಪಾಧ್ಯಾಯರಿಗೆ 50 ನಿವರ್ತನ ಭೂಮಿ. ದೀಪಕ್ಕೆ 12 ನಿವರ್ತನ. ದೀಪಕ್ಕೆಂದು ಪ್ರತ್ಯೇಕ ಹೊಲವನ್ನೇ ಬಿಟ್ಟವರು ಹುಡುಗರು ರಾತ್ರಿಯೂ ಓದಲೆಂದು ಬಯಸಿದ್ದರೆಂದು ನನ್ನ ಊಹೆ.

ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಬೇರೊಂದು ಮಾತು. ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಅದಕ್ಕಿಂತ ಕಡಿಮೆ ಶಾಲೆಗೆ ಸಲ್ಲತಕ್ಕದ್ದು. ಮಂತ್ರಿ ಕಟ್ಟಿಸಿದ ಮನೆಯನ್ನು ಅರಸೊತ್ತಿಗೆಯೊಂದೇ ಎಷ್ಟು ದಿನ ಕಾಯೀತು? ಮಾನ್ಯಖೇಟ 972ರಲ್ಲಿ ಲೂಟಿಯಾಯಿತು. ರಾಷ್ಟ್ರಕೂಟರು ಅಲ್ಲಿಂದಾಚೆಗೆ ಬಹಳ ದಿನ ಉಳಿಯಲಿಲ್ಲ. ಮದುವೆಗಳು ಮಾತ್ರ ನಿಲ್ಲುವುದಿಲ್ಲ. ಬರೆಯಿಸಿದವನು ಇದನ್ನು ಬಲ್ಲವನೇ ಇರಬೇಕು. ಬಾಯಿಮಾತಿನ ವಾಗ್ದಾನ ಒಂದು ತಲೆಮಾರಿಗೆ ಮರೆತೀತೆಂದು ಅದನ್ನು ಕಲ್ಲಿಗೆ ಹತ್ತಿಸಿದನು.

ಸಾಲೋಟಗಿ ಒಂಟಿಯಲ್ಲ. ಬಾಗೇವಾಡಿ ಸೀಮೆಯ ಮನಗೂಳಿಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕೌಮಾರ ವ್ಯಾಕರಣ ಹೇಳಿಕೊಡುವುದಕ್ಕೆಂದೇ ದತ್ತಿ ಬಿಟ್ಟಿದ್ದರು. ಬಸವಣ್ಣನವರು ಹುಟ್ಟಿದ ಕಾಲವೂ ಅದೇ, ನೆರೆಹೊರೆಯೂ ಅದೇ. ಅವರ ಮತ್ತು ಅವರ ಸಂಗಡಿಗರ ವಚನಗಳು ನಮಗೆ ಬಂದದ್ದು ಕಲ್ಲಿನಿಂದಲ್ಲ, ಓಲೆಗರಿಯ ಕಟ್ಟುಗಳಿಂದ. ಅವುಗಳನ್ನು ಹುಡುಕಿ ಅಚ್ಚಿಗೆ ತಂದ ಫ. ಗು. ಹಳಕಟ್ಟಿಯವರು ನೆಲಸಿದ್ದು ಇದೇ ಜಿಲ್ಲೆಯ ವಿಜಯಪುರದಲ್ಲಿ.