ಮೊಅಜ್ಜಂ ಜಾಹಿ ಮಾರುಕಟ್ಟೆಯ ಪೂರ್ವೋತ್ತರ

ಮಲ್ಕಾಜ್‌ಗಿರಿಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಪೇಟೆಯೆಂದರೆ ಕೋಠಿ, ಆಬಿಡ್ಸ್ ಹಾಗೂ ಬೇಗಂ ಬಜಾರ್. ಅವುಗಳ ನಡುವಣ ಚೌಕದಲ್ಲಿ ಗಡಿಯಾರದ ಗೋಪುರವನ್ನು ಹೊತ್ತು ನಿಂತಿರುವ ಕಲ್ಲಿನ ಕಟ್ಟಡವೇ ಮೊಅಜ್ಜಂ ಜಾಹಿ ಮಾರುಕಟ್ಟೆ. ಹಬ್ಬದ ಸಾಮಾನಿಗೆಂದು ಪೇಟೆಗೆ ಹೋದವರು ಅಲ್ಲಿಯ ಹಣ್ಣಿನ ಐಸ್‌ಕ್ರೀಮಿನ ರುಚಿ ನೋಡದೆ ಹಿಂದಿರುಗುವುದು ಅಪರೂಪ. ಆದರೆ ಅದರ ಚರಿತ್ರೆಯನ್ನು ಬಲ್ಲವರು ನಮ್ಮಲ್ಲಿ ವಿರಳ.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ಸಹಸ್ರಾರು ಜನರನ್ನು ಬಲಿತೆಗೆದುಕೊಂಡಿತು. ಪ್ರವಾಹವನ್ನು ತಡೆಯುವ ಉಪಾಯವನ್ನು ಸೂಚಿಸಲು ನಿಜಾಮ ಸರಕಾರವು ಬರಮಾಡಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ತರುವಾಯ 1912ರಲ್ಲಿ ನಗರ ಸುಧಾರಣಾ ಮಂಡಲಿಯು ಸ್ಥಾಪಿತವಾಗಿ, ನಗರಕ್ಕೆ ಹೊಸ ರೂಪ ಬರತೊಡಗಿತು. ಆ ಕಾಲದ ನಿರ್ಮಾಣಗಳಲ್ಲಿ 1935ರ ಈ ಮಾರುಕಟ್ಟೆಯೂ ಒಂದು. ಮಂಡಲಿಯ ಅಧ್ಯಕ್ಷರಾಗಿದ್ದ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಎರಡನೆಯ ಪುತ್ರ ಮೊಅಜ್ಜಂ ಜಾ ಅವರ ಹೆಸರನ್ನು ಇದಕ್ಕಿಟ್ಟರು. ಆಗ ಬೀದರ, ಗುಲಬರ್ಗಾ, ರಾಯಚೂರುಗಳ ಕನ್ನಡಿಗರಿಗೂ ಇದೇ ರಾಜಧಾನಿ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದುವು. ಆದುದರಿಂದ ಈ ಕಟ್ಟಡವು ನಮಗೆ ತೀರ ಪರಕೀಯವಲ್ಲ.

1980ರ ದಶಕದಲ್ಲಿ ಹಣ್ಣಿನ ಸಗಟು ವ್ಯಾಪಾರವು ಕೊತ್ತಪೇಟೆಗೆ ಹೋಯಿತು. ಉಳಿದ ಅಂಗಡಿಗಳ ಮುಂದೆ ತಗಡಿನ ಮಾಡುಗಳು ಎದ್ದುವು, ಕಮಾನುಗಳನ್ನು ಫಲಕಗಳು ಮುಚ್ಚಿದುವು, ಮಾಳಿಗೆ ಸೋರಿತು. 2018ರಲ್ಲಿ ಜೀರ್ಣೋದ್ಧಾರದ ಕಾರ್ಯವು ಆರಂಭವಾಯಿತು. ಅಂಟಿಕೊಂಡಿದ್ದ ಮಾಡುಗಳನ್ನು ತೆಗೆದು, ಕಲ್ಲನ್ನು ತೊಳೆದು, ಮಾಳಿಗೆಯನ್ನು ಭದ್ರಪಡಿಸಿ, ಗಡಿಯಾರವನ್ನು ರಿಪೇರಿ ಮಾಡಿದರು. 2020ರ ಆಗಸ್ಟಿನಲ್ಲಿ ಕಟ್ಟಡವು ಮತ್ತೆ ತಲೆಯೆತ್ತಿತು. ಎಲ್ಲಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಅದು ಬರಿಯ ನೋಟದ ವಸ್ತುವಾಗಲಿಲ್ಲ. ಅಲ್ಲಿ ಇಂದಿಗೂ ವ್ಯಾಪಾರ ನಡೆದಿದೆ.

ಇದನ್ನು ಕಂಡಾಗ ನಮ್ಮ ಮನಸ್ಸು ಮೈಸೂರಿನತ್ತ ಹರಿಯುತ್ತದೆ. ಅಲ್ಲಿಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಮೃತಪಟ್ಟರು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿದ್ದಿತು. ಕೆಡವಬೇಕೆ, ಉಳಿಸಬೇಕೆ ಎಂಬ ವಾದವು ನ್ಯಾಯಾಲಯದವರೆಗೆ ಹೋಯಿತು. ಅಂಗಡಿಯವರ ಜೀವನೋಪಾಯ ಮತ್ತು ಜನರ ಪ್ರಾಣ ಎರಡೂ ತಕ್ಕಡಿಯಲ್ಲಿದ್ದಾಗ ಇದು ಹಗುರವಾದ ಪ್ರಶ್ನೆಯಲ್ಲ.

ಬ್ಯಾಂಕಿನ ಗುಮಾಸ್ತರಾದ ನಮಗೆ ಇದರಲ್ಲಿ ಹಳೆಯದೊಂದು ಲೆಕ್ಕ ಕಾಣುತ್ತದೆ. ಯಂತ್ರವಿರಲಿ, ಮನೆಯಿರಲಿ, ಸವಕಳಿಗೆಂದು ಪ್ರತಿವರ್ಷ ಇಷ್ಟು ಹಣವನ್ನು ಎತ್ತಿಡಬೇಕೆಂದು ವಾಣಿಜ್ಯದ ಮೊದಲ ಪಾಠವೇ ಹೇಳುತ್ತದೆ. ಬಾಡಿಗೆಯನ್ನು ಜಮಾ ಮಾಡಿಕೊಂಡು, ಸೋರುವ ಮಾಳಿಗೆಗೆ ಏನನ್ನೂ ಖರ್ಚು ಹಾಕದಿದ್ದರೆ, ಪುಸ್ತಕದಲ್ಲಿ ಕಾಣುವ ಲಾಭವು ವಾಸ್ತವವಾಗಿ ಅಸಲಿನ ನಷ್ಟ. ಕಟ್ಟಡವು ಬೀಳುವುದು ಒಂದು ದಿನ. ಅದಕ್ಕೆ ಕಾರಣವಾದ ಉದಾಸೀನವು ಹತ್ತಾರು ವರ್ಷಗಳದು.

ಹೈದರಾಬಾದಿನ ಕಟ್ಟಡವೂ ಈ ನಿಯಮಕ್ಕೆ ಹೊರತಲ್ಲ. ಇಂದು ತೊಳೆದ ಕಲ್ಲು ನಾಳೆ ಮತ್ತೆ ಮಾಸುತ್ತದೆ. ಮಳೆನೀರಿನ ಕೊಳವೆ ಮತ್ತೆ ಕಟ್ಟುತ್ತದೆ. ಈ ರಾಜ್ಯೋತ್ಸವದ ಸಂದರ್ಭದಲ್ಲಿ ನಾಡಿನ ಗತವೈಭವವನ್ನು ಕೊಂಡಾಡುವ ನಾವು, ಊರಿನ ಹಳೆಯ ಪೇಟೆಗಳ ಮಾಳಿಗೆಗಳತ್ತಲೂ ಒಮ್ಮೆ ತಲೆಯೆತ್ತಿ ನೋಡುವುದು ಒಳಿತು. ಮಳೆಗಾಲಕ್ಕೆ ಮುಂಚೆಯೇ ನೋಡಿದರೆ ಇನ್ನೂ ಒಳಿತು.