ಅಲಿ ಆದಿಲ್‌ಶಾಹನ ಕೊಲೆ: ಸಲಿಂಗ ಕಾಮನೆಯ ಚರಿತ್ರೆಗೊಂದು ದಖನಿ ಸಾಕ್ಷ್ಯ

ಬಿಜಾಪುರದ ಸುಲ್ತಾನ ಒಂದನೆಯ ಅಲಿ ಆದಿಲ್‌ಶಾಹ 1580ರಲ್ಲಿ ತನ್ನ ಅರಮನೆಯಲ್ಲೇ ಇರಿತಕ್ಕೆ ಬಲಿಯಾದ. ಇರಿದವನು ಬೀದರಿನಿಂದ ಬಂದಿದ್ದ ಒಬ್ಬ ಖೋಜಾ. ತಾಳಿಕೋಟೆ ಯುದ್ಧದಲ್ಲಿ ಗೆದ್ದವರಲ್ಲಿ ಒಬ್ಬ, ಜಾಮಿ ಮಸೀದಿ ಕಟ್ಟಿಸಿದವನು, ಪುಸ್ತಕಪ್ರಿಯ ಎಂದೆಲ್ಲ ಅಲಿಯ ಪರಿಚಯ ನಮಗಿದೆ. ಅವನ ಸಾವಿನ ಹಿನ್ನೆಲೆ ಮಾತ್ರ ಕನ್ನಡದಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಅದನ್ನು ಬರೆದಿಟ್ಟವನು ಚರಿತ್ರಕಾರ ಫೆರಿಸ್ತಾ. ಅಹಮದ್‌ನಗರದ ಸೈನ್ಯ ಬೀದರನ್ನು ಮುತ್ತಿದಾಗ ಅಲ್ಲಿನ ಅರಸ ಅಲಿ ಬರೀದ್ ಬಿಜಾಪುರದ ನೆರವು ಕೇಳಿದ. ಚೆಲುವಿಗೆ ಹೆಸರಾದ ಇಬ್ಬರು ಖೋಜಾಗಳನ್ನು ಕಳಿಸಿದರೆ ಸೈನ್ಯ ಕಳಿಸುವೆನೆಂದು ಸುಲ್ತಾನ ಷರತ್ತು ಹಾಕಿದ. ಹಾಗೆ ಬಂದವರಲ್ಲಿ ಒಬ್ಬ, ಸುಲ್ತಾನ ಏಕಾಂತಕ್ಕೆ ಕರೆದಾಗ, ಅವನನ್ನು ಇರಿದ. ಫೆರಿಸ್ತಾ ಇದನ್ನು ಬರೆದದ್ದು ಸತ್ತವನ ತಮ್ಮನ ಮಗ ಎರಡನೆಯ ಇಬ್ರಾಹಿಮನ ಆಶ್ರಯದಲ್ಲಿ, 1606ರ ಸುಮಾರಿಗೆ. ಆಶ್ರಯದಾತನ ಮನೆತನದ ಈ ಸಂಗತಿಯನ್ನು ಅವನು ಬಚ್ಚಿಡಲಿಲ್ಲ. ರಾಜನ ಕಾಮನೆ ಆಗ ಕಳಂಕವೆನಿಸಿತ್ತು. ಆದರೆ ಅವನ ಔದಾರ್ಯವನ್ನೋ ವಿದ್ಯಾಪ್ರೇಮವನ್ನೋ ಅಳಿಸಿಹಾಕುವಂಥ ಕಳಂಕವಾಗಿರಲಿಲ್ಲ ಎಂದು ನನಗೆ ತೋರುತ್ತದೆ. ಇದನ್ನು ಪ್ರೇಮಕಥೆಯಾಗಿಸುವವರನ್ನೂ ಹಳೆಯ ಕಾಲದ ಉದಾರತೆಗೆ ಪುರಾವೆಯಾಗಿಸುವವರನ್ನೂ ನಾನು ಒಪ್ಪಲಾರೆ. ಖೋಜಾ ಗುಲಾಮ, ಅವನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಈ ದ್ವಂದ್ವ ಬಿಜಾಪುರದಲ್ಲಿ ಹುಟ್ಟಿದ್ದಲ್ಲ. ಅರಬ್ ಜಗತ್ತಿನಲ್ಲಿ ಚೆಲುವಿಗೆ ಮನಸೋಲುವುದು ಒಂದು, ಕೃತ್ಯ ಇನ್ನೊಂದು. ಬಾಗ್ದಾದಿನ ಅಬು ನುವಾಸ್ ಹುಡುಗರ ಮೇಲಿನ ಮೋಹವನ್ನು ಎಗ್ಗಿಲ್ಲದೆ ಹಾಡಿದ. ಕಾರ್ಡೊಬಾದ ಇಬ್ನ್ ಹಜ್ಮ್ (ಮರಣ 1064) ಕಟ್ಟಾ ಧರ್ಮಶಾಸ್ತ್ರಜ್ಞ. ಪ್ರೇಮವನ್ನು ಕುರಿತ ತನ್ನ ಗ್ರಂಥದಲ್ಲಿ ಗಂಡಸು ಗಂಡಸಿಗೆ ಸೋತ ಪ್ರಸಂಗಗಳನ್ನು ಮರುಕದಿಂದ ಹೇಳುತ್ತಾನೆ, ಕೃತ್ಯವನ್ನು ಅದೇ ಗ್ರಂಥದಲ್ಲಿ ಖಂಡಿಸುತ್ತಾನೆ. ಶಿಕ್ಷೆಯ ಬಗ್ಗೆ ಶಾಸ್ತ್ರಜ್ಞರಲ್ಲೇ ಒಮ್ಮತವಿರಲಿಲ್ಲ. ಅಬು ಹನೀಫಾ ಅದನ್ನು ನ್ಯಾಯಾಧೀಶನ ವಿವೇಚನೆಗೆ ಬಿಟ್ಟರೆ, ಭಟ್ಕಳದ ನವಾಯತರು ಅನುಸರಿಸುವ ಶಾಫಿ ಪಂಥದ ಪ್ರಧಾನ ಮತ ಅದನ್ನು ವ್ಯಭಿಚಾರದ ಸಾಲಿಗೆ ಸೇರಿಸಿತು. ಆದರೆ ಆ ಶಿಕ್ಷೆಗೆ ಕೃತ್ಯವನ್ನು ಕಣ್ಣಾರೆ ಕಂಡ ನಾಲ್ವರ ಸಾಕ್ಷ್ಯ ಬೇಕು. ತಪ್ಪೊಪ್ಪಿಗೆ ಇಲ್ಲದಿದ್ದರೆ ಆರೋಪ ಸಾಬೀತಾಗುವುದು ಅಪರೂಪ.

ಹೆಂಗಸರ ಪಾಡು ಈ ದಾಖಲೆಗಳಲ್ಲಿ ತೀರಾ ಕಡಿಮೆ. ಹದಿನೇಳನೆಯ ಶತಮಾನದ ಬಿಜಾಪುರದ ಹಾಶ್ಮಿ ಹೆಣ್ಣಿನ ದನಿಯಲ್ಲಿ ದಖನಿ ಗಜಲ್ ಬರೆದ ನಿಜ, ಆದರೆ ಬರೆದವನು ಗಂಡಸೇ.

ಬ್ರಿಟಿಷರ ಕಾಲಕ್ಕೆ ಬಂದರೆ, ಭಟ್ಕಳವಿರುವ ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಭಾರತೀಯ ದಂಡಸಂಹಿತೆ ಜಾರಿಗೆ ಬಂದದ್ದೂ ಅದೇ ವರ್ಷ. ಸಲಿಂಗ ಕೃತ್ಯವನ್ನು ಅಪರಾಧವಾಗಿಸಿದ ಅದರ 377ನೆಯ ಕಲಮಿಗೆ ನಾಲ್ವರು ಸಾಕ್ಷಿಗಳು ಬೇಕಿರಲಿಲ್ಲ; ಇಬ್ಬರೂ ಒಪ್ಪಿದ್ದರೆಂಬುದೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಪ್ಪಿಗೆಯುಳ್ಳ ವಯಸ್ಕರನ್ನು ಸುಪ್ರೀಂ ಕೋರ್ಟು ಅದರಿಂದ ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು.